ಯೋಗಾಭ್ಯಾಸ ಮತ್ತು ಕ್ರೈಸ್ತ ವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ವರ್ಷಗಳಿಂದ ಮೈಸೂರಿನ ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಅದಕ್ಕಿಂತ ಸ್ವಲ್ಪ ಕಡಿಮೆ ಕಾಲದಿಂದ ಯೋಗಾಸನಗಳನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಈ ಎರಡೂ ಸಂಗತಿ ಪರಿಚಯದವರಿಗೆಲ್ಲ ಗೊತ್ತಿರುವುದರಿಂದ, ಭಾನುವಾರದ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಮುಗಿದು ಜನ ಹೊರಗೆ ಬರುವ ಹೊತ್ತಿನಲ್ಲಿ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಸಲ ದನಿ ತಗ್ಗಿಸಿ, ಇದೇ ವಿಷಯ ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನೂ ಓದಿ, ಪ್ರಾರ್ಥಿಸಿ, ಅಭ್ಯಾಸ ಮಾಡಿ ನಾನು ಕಂಡುಕೊಂಡ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ನಾನು ಕಥೋಲಿಕ ವಿಶ್ವಾಸಿ. ಬೇರೆ ಸಭೆಗಳವರು ಇದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕೆಂದು ವಿನಂತಿ.

ಕ್ರೈಸ್ತರು ಯೋಗ ಮಾಡಬಹುದೇ, ಬಾರದೇ?

ಆಸನಗಳನ್ನೂ ಉಸಿರಾಟದ ಅಭ್ಯಾಸಗಳನ್ನೂ ಮಾಡಬಹುದು. ಬೇರೊಂದು ದೈವವನ್ನು ಕರೆದು ವಂದಿಸುವ ಮಂತ್ರಗಳನ್ನೂ ಪೂಜಾವಿಧಿಗಳನ್ನೂ ಬಿಡಬೇಕು. ಇದು ನನ್ನ ಉತ್ತರ.

ಎರಡರ ನಡುವಿನ ಗೆರೆಯನ್ನು ಗುರುತಿಸಲು ನಾನು ಮಕ್ಕಳಿಗೆ ಹೇಳಿಕೊಡುವ ದಾರಿ ಬಹಳ ಸರಳವಾದದ್ದು. ಪ್ರಾಥಮಿಕ ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡುವಾಗ ಚತುರ್ಥಿಗೆ 'ಗೆ, ಕೆ, ಅಕ್ಕೆ' ಎಂದು ಎಲ್ಲರೂ ಕಲಿತಿರುತ್ತೇವೆ. ಯಾವುದೇ ಅಭ್ಯಾಸದ ಮುಂದೆ ನಿಂತಾಗ ಆ 'ಗೆ' ಎಲ್ಲಿದೆ ಎಂದು ನೋಡಬೇಕು. ಈ ನಮಸ್ಕಾರ ಯಾರಿಗೆ? ಈ ಶರಣಾಗತಿ ಯಾರಿಗೆ? ಬೆನ್ನನ್ನು ಬಾಗಿಸುವುದರಲ್ಲಿ 'ಯಾರಿಗೆ' ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಲ್ಲಿ ಏಳುತ್ತದೆಯೋ ಅಲ್ಲಿ ಕ್ರೈಸ್ತನ ಉತ್ತರ ಒಂದೇ ಆಗಿರಬೇಕು.

ಯೋಗ ಹಿಂದೂ ಧರ್ಮಕ್ಕೆ ಸೇರಿದ್ದೇ, ಅಥವಾ ಅದು ಬರೀ ವ್ಯಾಯಾಮವೇ?

ನಮ್ಮವರಲ್ಲಿ ಯೋಗವನ್ನು ಸಮರ್ಥಿಸುವವರು 'ಅದಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲ' ಎನ್ನುತ್ತಾರೆ. ವಿರೋಧಿಸುವವರು 'ಅದರ ಪ್ರತಿಯೊಂದು ಭಂಗಿಯೂ ಪೂಜೆಯೇ' ಎನ್ನುತ್ತಾರೆ. ಎರಡೂ ಮಾತು ನಿಜವಲ್ಲ.

ಪತಂಜಲಿಯ ಯೋಗಸೂತ್ರಗಳನ್ನು ತೆರೆದು ನೋಡಿದರೆ, ಸುಮಾರು 195 ಸೂತ್ರಗಳಲ್ಲಿ ಆಸನದ ಬಗ್ಗೆ ಇರುವುದು ಮೂರೇ ಮೂರು. 'ಸ್ಥಿರಸುಖಮಾಸನಮ್', ಅಂದರೆ ಅಲುಗಾಡದೆ ಸುಖವಾಗಿ ಕೂರುವುದೇ ಆಸನ ಎಂಬುದು ಅವುಗಳಲ್ಲಿ ಮೊದಲನೆಯದು. ಉಳಿದದ್ದೆಲ್ಲ ಚಿತ್ತದ ವಿಚಾರ, ನೈತಿಕ ಶಿಸ್ತಿನ ವಿಚಾರ, ಕೊನೆಗೆ ಕೈವಲ್ಯದ ವಿಚಾರ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಯಮಗಳನ್ನು ಓದಿದಾಗ ದಶಾಜ್ಞೆಗಳನ್ನು ಬಲ್ಲ ಕ್ರೈಸ್ತನಿಗೆ ಅಪರಿಚಿತವೆನಿಸುವುದು ಹೆಚ್ಚೇನೂ ಇಲ್ಲ. ಆದರೆ ಗುರಿಯ ವಿಷಯದಲ್ಲಿ ದಾರಿಗಳು ಬೇರೆಯಾಗುತ್ತವೆ. ಪುರುಷನು, ಅಂದರೆ ಆತ್ಮ, ಜಡವಾದ ಪ್ರಕೃತಿಯಿಂದ ಬಿಡಿಸಿಕೊಂಡು ಕೇವಲನಾಗಿ ನಿಲ್ಲುವುದು ಪತಂಜಲಿಯ ಕೈವಲ್ಯ. ದೇವರು ಕೃಪೆಯಿಂದ ಕೊಡುವ ರಕ್ಷಣೆ, ಆ ದೇವರೊಂದಿಗೆ ಮುಗಿಯದ ಪ್ರೀತಿಯ ಬಾಂಧವ್ಯ, ಕಡೆಯ ದಿನದಲ್ಲಿ ಇದೇ ಶರೀರದ ಪುನರುತ್ಥಾನ, ಇವು ನಮ್ಮ ನಿರೀಕ್ಷೆ. ಸಾಧನೆಯಿಂದ ಗಳಿಸುವುದಕ್ಕೂ ದಾನವಾಗಿ ಪಡೆಯುವುದಕ್ಕೂ ಇರುವ ಈ ಅಂತರವನ್ನು ಸೌಜನ್ಯದ ಹೆಸರಿನಲ್ಲಿ ಅಳಿಸಿಹಾಕುವುದು ಎರಡೂ ಪರಂಪರೆಗಳಿಗೆ ಮಾಡುವ ಅನ್ಯಾಯ.

ಇನ್ನು ಇಂದು ಜಗತ್ತಿನಾದ್ಯಂತ ತರಗತಿಗಳಲ್ಲಿ ನಡೆಯುವ ಯೋಗದ ಬಹುಪಾಲು ಹೊರಟದ್ದು ನಮ್ಮ ಊರಿನಿಂದಲೇ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲಿಯೇ ಬರೆದರು. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರೂ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರೂ ಅವರ ಶಿಷ್ಯರು. ಅರಮನೆಯ ಗರಡಿಯ ಸಾಮು, ಪಾಶ್ಚಾತ್ಯ ಅಂಗಸಾಧನೆ ಮುಂತಾದವು ಈ ಪದ್ಧತಿಯಲ್ಲಿ ಬೆರೆತಿವೆ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಆದರೂ ಕೃಷ್ಣಮಾಚಾರ್ಯರು ನಿಷ್ಠಾವಂತ ಶ್ರೀವೈಷ್ಣವರಾಗಿದ್ದರು, ಅವರ ಪಾಲಿಗೆ ಯೋಗ ಭಕ್ತಿಯಿಂದ ಬೇರೆಯಾಗಿರಲಿಲ್ಲ. ಹೀಗಾಗಿ ಬೇರು ಹಿಂದೂ ಪರಂಪರೆಯದು ಎಂದು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು.

ಬೇರು ಹಿಂದೂ ಪರಂಪರೆಯದಾದರೆ, ಕೊಂಬೆಯನ್ನು ಮುಟ್ಟುವುದೂ ತಪ್ಪಲ್ಲವೇ? ಬೈಬಲ್ ಏನು ಹೇಳುತ್ತದೆ?

ಬೈಬಲಿನಲ್ಲಿ ಯೋಗದ ಹೆಸರಿಲ್ಲ. ಆದರೆ ಇದೇ ಬಗೆಯ ಒಂದು ಜಗಳ ಕೊರಿಂಥದ ಸಭೆಯಲ್ಲಿ ನಡೆದಿತ್ತು. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ಕ್ರೈಸ್ತರು ತಿನ್ನಬಹುದೇ ಎಂಬುದು ಅವರ ಪ್ರಶ್ನೆ. ಸಂತ ಪೌಲರು ಮೊದಲನೆಯ ಪತ್ರದ ಎಂಟನೆಯ ಮತ್ತು ಹತ್ತನೆಯ ಅಧ್ಯಾಯಗಳಲ್ಲಿ ಕೊಡುವ ಉತ್ತರ ಬಹಳ ಸೂಕ್ಷ್ಮವಾದದ್ದು. ಅಂಗಡಿಯಲ್ಲಿ ಮಾರುವುದನ್ನು ಮನಸ್ಸಾಕ್ಷಿಯ ಅಳುಕಿಲ್ಲದೆ ತಿನ್ನಿರಿ, ಏಕೆಂದರೆ ಭೂಮಿಯೂ ಅದರಲ್ಲಿರುವುದೆಲ್ಲವೂ ಪ್ರಭುವಿನದು ಎನ್ನುತ್ತಾರೆ. ಅದೇ ಉಸಿರಿನಲ್ಲಿ, ವಿಗ್ರಹಾರಾಧನೆಯ ಪಂಕ್ತಿಯಲ್ಲಿ ಕೂರಬೇಡಿ ಎಂದೂ ಹೇಳುತ್ತಾರೆ. ಮಾಂಸ ಅದೇ ಮಾಂಸ. ಅಂಗಡಿಯಲ್ಲಿ ಅದು ಆಹಾರ, ಅಲ್ಲಿ ಅದು ಆರಾಧನೆ.

ಪೌಲರು ಮೂರನೆಯ ಮಾತೊಂದನ್ನೂ ಸೇರಿಸುತ್ತಾರೆ, ಇದನ್ನು ಯೋಗದ ಪರವಾಗಿ ವಾದಿಸುವವರು ಬಿಟ್ಟುಬಿಡುವುದೇ ಹೆಚ್ಚು. ನಿನ್ನ ಸ್ವಾತಂತ್ರ್ಯ ದುರ್ಬಲ ಮನಸ್ಸಿನ ಸಹೋದರನಿಗೆ ಎಡವುಗಲ್ಲಾಗದಿರಲಿ ಎನ್ನುತ್ತಾರೆ. ಇತ್ತೀಚೆಗಷ್ಟೇ ದೀಕ್ಷಾಸ್ನಾನ ಪಡೆದವರಿಗೆ, ತಾವು ಬಿಟ್ಟುಬಂದ ಆರಾಧನೆಯ ನೆನಪು ಒಂದು ಆಸನದಿಂದಲೇ ಮರುಕಳಿಸುತ್ತದೆಂದಾದರೆ, ಅವರಿಗೆ ಯೋಗ ಬೇಡ. ಅವರನ್ನು ಹಾಸ್ಯ ಮಾಡುವ ಹಕ್ಕೂ ನಮಗಿಲ್ಲ.

ಧರ್ಮಸಭೆಯ ಅಧಿಕೃತ ನಿಲುವು ಏನು?

ಎಲ್ಲ ಕ್ರೈಸ್ತರಿಗೂ ಅನ್ವಯಿಸುವ ಒಂದೇ ತೀರ್ಪು ಇಲ್ಲ. ಕಥೋಲಿಕ ಧರ್ಮಸಭೆಯಲ್ಲಿ 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಮುಂದೆ 1989ರ ಅಕ್ಟೋಬರ್‌ನಲ್ಲಿ, ಆಗ ಕಾರ್ಡಿನಲ್ ಆಗಿದ್ದ, ಮುಂದೆ ಪೋಪ್ ಹದಿನಾರನೆಯ ಬೆನೆಡಿಕ್ಟ್ ಆದ ಜೋಸೆಫ್ ರಾಟ್ಜಿಂಗರ್ ಅವರ ಸಹಿಯೊಂದಿಗೆ ಕ್ರೈಸ್ತ ಧ್ಯಾನದ ಬಗ್ಗೆ ಧರ್ಮಾಧ್ಯಕ್ಷರಿಗೆ (ಬಿಷಪರಿಗೆ) ಒಂದು ಪತ್ರ ಬಂತು. ಯೋಗವನ್ನು ಹೆಸರಿಸಿಯೇ ಮಾತಾಡುವ ಆ ಪತ್ರವನ್ನು ನಿಷೇಧಾಜ್ಞೆ ಎಂದು ಹೇಳುವವರನ್ನು ಕಂಡಿದ್ದೇನೆ, ಅದು ನಿಷೇಧವಲ್ಲ. ಕ್ರೈಸ್ತ ಪ್ರಾರ್ಥನೆಯ ಸ್ವರೂಪ ಮಸುಕಾಗದಷ್ಟರ ಮಟ್ಟಿಗೆ ಇತರ ವಿಧಾನಗಳಿಂದ ಉಪಯುಕ್ತವಾದದ್ದನ್ನು ಸ್ವೀಕರಿಸಬಹುದು ಎನ್ನುತ್ತದೆ. ಜೊತೆಗೆ, ಅಂಗವಿನ್ಯಾಸದಿಂದ ತಾನಾಗಿ ಹುಟ್ಟುವ ನೆಮ್ಮದಿಯನ್ನು ಪವಿತ್ರಾತ್ಮರ ಸಾಂತ್ವನವೆಂದು ತಪ್ಪು ತಿಳಿಯಬೇಡಿ ಎಂಬ ಎಚ್ಚರಿಕೆಯನ್ನೂ ಕೊಡುತ್ತದೆ. ಶವಾಸನದಿಂದ ಎದ್ದಾಗ ನನಗೂ ಹಿತವೆನಿಸುತ್ತದೆ. ಆ ಹಿತ ಸ್ನಾಯುಗಳದ್ದು ಎಂದು ನನಗೆ ಗೊತ್ತಿದ್ದರೆ ಸಾಕು.

ಇದಕ್ಕಿಂತ ಬಿಗಿಯಾದ ನಿಲುವುಗಳೂ ಇವೆ. ಕೇರಳದ ಸಿರೋ ಮಲಬಾರ್ ಧರ್ಮಸಭೆಯ ಸಿದ್ಧಾಂತ ಆಯೋಗವು 2018ರಲ್ಲಿ, ಯೋಗವೂ ಕ್ರೈಸ್ತ ವಿಶ್ವಾಸವೂ ಒಂದಕ್ಕೊಂದು ಹೊಂದುವುದಿಲ್ಲವೆಂಬ ಅಭಿಪ್ರಾಯ ಕೊಟ್ಟಿತು. ಗ್ರೀಸಿನ ಆರ್ಥಡಾಕ್ಸ್ ಸಭೆಯ ಪವಿತ್ರ ಸಿನೊಡ್ (ಧರ್ಮಾಧ್ಯಕ್ಷರ ಮಂಡಳಿ) 2020ರ ಜೂನ್‌ನಲ್ಲಿ ಅದೇ ಮಾತು ಹೇಳಿತು. ನಮ್ಮಲ್ಲಿನ ಪೆಂತೆಕೊಸ್ತ್ ಸಭೆಗಳ ಪಾಸ್ಟರುಗಳಲ್ಲಿಯೂ ಅನೇಕರು ಬೇಡವೆಂದೇ ಬೋಧಿಸುತ್ತಾರೆ. ನಾನು ಅವರ ತೀರ್ಮಾನವನ್ನು ಪೂರ್ತಿ ಒಪ್ಪುವುದಿಲ್ಲವಾದರೂ ಅವರ ಕಾಳಜಿ ಅಗ್ಗದ್ದಲ್ಲ ಎಂದು ಬಲ್ಲೆ.

ಸೂರ್ಯನಮಸ್ಕಾರ ಮಾಡಬಹುದೇ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ. ಬಾಗುವುದು, ಕಾಲನ್ನು ಹಿಂದಕ್ಕೆ ಚಾಚುವುದು, ಎದೆಯನ್ನು ನೆಲಕ್ಕೆ ತರುವುದು, ಮತ್ತೆ ಏಳುವುದು, ಇದಿಷ್ಟೂ ಅಂಗಚಲನೆ. ಆದರೆ ಸಾಂಪ್ರದಾಯಿಕ ಕ್ರಮದಲ್ಲಿ ಇದರ ಜೊತೆಗೆ 'ಓಂ ಮಿತ್ರಾಯ ನಮಃ, ಓಂ ರವಯೇ ನಮಃ, ಓಂ ಸೂರ್ಯಾಯ ನಮಃ' ಎಂದು ಹನ್ನೆರಡು ನಾಮಗಳಿವೆ. 'ಸೂರ್ಯಾಯ' ಎಂಬುದು ಸಂಸ್ಕೃತದಲ್ಲಿ ಚತುರ್ಥೀ ವಿಭಕ್ತಿ: ಸೂರ್ಯನಿಗೆ ನಮಸ್ಕಾರ. ಇಲ್ಲಿ 'ಗೆ' ಸ್ಪಷ್ಟವಾಗಿದೆ, ಅದನ್ನು ಅರ್ಥವಿಲ್ಲದ ಶಬ್ದವೆಂದು ಹೇಳಿಕೊಂಡು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುವಂತಿಲ್ಲ. ಸೂರ್ಯ ನಮಗೆ ಸೃಷ್ಟಿ, ಸೃಷ್ಟಿಕರ್ತನಲ್ಲ. ಆದ್ದರಿಂದ ಮಂತ್ರ ಬೇಡ.

ಮಂತ್ರವಿಲ್ಲದ ಚಲನೆಯನ್ನು ನಾನು ಮಾಡುತ್ತೇನೆ. ಹೆಸರೇ ನಮಸ್ಕಾರವಾಗಿರುವಾಗ ಅದೂ ಬೇಡವೆನಿಸುವವರು ಬಿಡಬಹುದು, ಅದೇ ಸ್ನಾಯುಗಳಿಗೆ ಬೇರೆ ಆಸನಗಳಿವೆ. 2015ರ ಜೂನ್ 21ರಂದು ಮೊದಲ ಅಂತರರಾಷ್ಟ್ರೀಯ ಯೋಗ ದಿನ ಆಚರಿಸಿದಾಗ ಸರ್ಕಾರವೇ ಸಾಮೂಹಿಕ ಅಭ್ಯಾಸದ ಕ್ರಮದಲ್ಲಿ ಸೂರ್ಯನಮಸ್ಕಾರವನ್ನು ಸೇರಿಸಿರಲಿಲ್ಲ. (ಆ ದಿನ ಭಾನುವಾರವಾಗಿದ್ದುದು ನಮ್ಮಲ್ಲಿ ಹಲವರ ಬೇಸರಕ್ಕೆ ಬೇರೆಯೇ ಕಾರಣವಾಗಿತ್ತು.)

ತರಗತಿಯ ಆರಂಭದಲ್ಲಿ ಹೇಳುವ ಶ್ಲೋಕಗಳು, ಓಂಕಾರ?

ಶ್ಲೋಕಗಳೆಲ್ಲ ಒಂದೇ ಬಗೆಯವಲ್ಲ, ಅರ್ಥ ತಿಳಿದೇ ತೀರ್ಮಾನಿಸಬೇಕು. ಯೋಗ ದಿನದಂದು ಹೇಳುವ 'ಸಂಗಚ್ಛಧ್ವಂ ಸಂವದಧ್ವಂ' ಎಂಬ ಋಗ್ವೇದದ ಮಂತ್ರದ ಮೊದಲ ಸಾಲು ನೆರೆದ ಜನರನ್ನೇ ಉದ್ದೇಶಿಸಿದ್ದು: ಒಟ್ಟಾಗಿ ನಡೆಯಿರಿ, ಒಟ್ಟಾಗಿ ಮಾತಾಡಿರಿ ಎಂಬುದು ಅದರ ಅರ್ಥ. ಎರಡನೆಯ ಸಾಲಿನಲ್ಲಿ ದೇವತೆಗಳು ಉಪಮಾನವಾಗಿ ಬರುತ್ತಾರೆ. ಇನ್ನು ಅನೇಕ ತರಗತಿಗಳಲ್ಲಿ ಹೇಳುವ 'ಯೋಗೇನ ಚಿತ್ತಸ್ಯ ಪದೇನ ವಾಚಾಂ' ಎಂಬ ಶ್ಲೋಕವು ಮನಸ್ಸು, ಮಾತು, ಶರೀರಗಳ ಕೊಳೆಯನ್ನು ತೊಳೆದ ಮುನಿ ಪತಂಜಲಿಗೆ ಕೈಮುಗಿಯುತ್ತದೆ. ಒಬ್ಬ ಹಿರಿಯ ಆಚಾರ್ಯನಿಗೆ ಸಲ್ಲಿಸುವ ಗೌರವವೆಂದು ಇದನ್ನು ಗ್ರಹಿಸಲು ಸಾಧ್ಯವಿದೆ. ಆದರೆ ಅದರ ಬೆನ್ನಿಗೇ ಬರುವ ಶ್ಲೋಕದಲ್ಲಿ ಅದೇ ಪತಂಜಲಿ ಶಂಖ, ಚಕ್ರ, ಖಡ್ಗ ಹಿಡಿದ, ಸಾವಿರ ಶಿರಗಳ ಮೂರ್ತಿ. ಅಲ್ಲಿ ಗೌರವ ಆರಾಧನೆಯಾಗುತ್ತದೆ. ನಾನು ಎರಡನ್ನೂ ಹೇಳುವುದಿಲ್ಲ.

ಓಂಕಾರದ ಬಗ್ಗೆ ಭಾರತದ ಕ್ರೈಸ್ತರಲ್ಲಿಯೇ ಭಿನ್ನಾಭಿಪ್ರಾಯವಿದೆ. ಬೈಬಲ್ ಹೇಳುವ, ಆದಿಯಲ್ಲಿದ್ದ ವಾಕ್ಯದ, ಅಂದರೆ ಕ್ರಿಸ್ತರ ಸಂಕೇತವಾಗಿ ಅದನ್ನು ಸ್ವೀಕರಿಸಿದವರಿದ್ದಾರೆ. ಆದರೆ ಪತಂಜಲಿಯ ಸೂತ್ರವು ಪ್ರಣವವನ್ನು, ಅಂದರೆ ಓಂಕಾರವನ್ನು, ಈಶ್ವರನ ವಾಚಕವೆಂದು ಸ್ಪಷ್ಟವಾಗಿ ಹೇಳುತ್ತದೆ, ನೆರೆಯವರು ಅದನ್ನು ಉಚ್ಚರಿಸುವಾಗ ಆ ಅರ್ಥವನ್ನೇ ಮನಸ್ಸಿನಲ್ಲಿಟ್ಟಿರುತ್ತಾರೆ. ಅವರ ಪವಿತ್ರ ಅಕ್ಷರಕ್ಕೆ ನನ್ನ ಅರ್ಥ ತುಂಬುವುದು ನನಗೆ ಸರಿಯೆನಿಸಿಲ್ಲ.

ಕೈಮುಗಿಯುವುದು, ಪದ್ಮಾಸನ ಹಾಕುವುದು ಅನ್ಯದೇವರ ಆರಾಧನೆಯಲ್ಲವೇ?

ಅಲ್ಲ. ಅಮೆರಿಕದ ಅಲಬಾಮ ರಾಜ್ಯವು 1993ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಯೋಗವನ್ನು ನಿಷೇಧಿಸಿತ್ತು. 2021ರಲ್ಲಿ ಅದನ್ನು ಸಡಿಲಿಸಿದಾಗಲೂ 'ನಮಸ್ತೆ' ಎನ್ನಬಾರದೆಂಬ ಷರತ್ತು ಹಾಕಿತು. ಅಲ್ಲಿಯ ಈ ಭಯವನ್ನು ಕೆಲವರು ಇಲ್ಲಿಗೂ ತರುತ್ತಿದ್ದಾರೆ. ನಾವಾದರೋ ಫಾದರ್ ಎದುರಾದಾಗ ಕೈಮುಗಿದು ನಮಸ್ಕಾರ ಹೇಳುತ್ತಲೇ ಬೆಳೆದವರು. 1969ರಲ್ಲಿ ರೋಮ್ ಭಾರತದ ಧರ್ಮಸಭೆಗೆ ಅನುಮತಿಸಿದ ಹನ್ನೆರಡು ಅಂಶಗಳಲ್ಲಿ ಅಂಜಲೀಹಸ್ತ, ಆರತಿ, ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು ಎಲ್ಲವೂ ಇವೆ. ನನ್ನ ಅಜ್ಜಿ ಮಧ್ಯಾಹ್ನದ ಹೊತ್ತು ಮೊರದ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸಂಜೆ ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ಕೂತು ಜಪಸರ ಹೇಳುತ್ತಿದ್ದರು. ನೆಲದ ಮೇಲೆ ಕೂರುವ ರೀತಿಯನ್ನು ಯಾವ ಒಂದು ಧರ್ಮವೂ ಬರೆಸಿಕೊಂಡಿಲ್ಲ.

ಮನಸ್ಸನ್ನು ಖಾಲಿ ಮಾಡಿದರೆ ದುಷ್ಟಾತ್ಮ ಪ್ರವೇಶಿಸುತ್ತದೆ ಎನ್ನುತ್ತಾರೆ. ಪ್ರಾಣಾಯಾಮ, ಧ್ಯಾನ ಅಪಾಯವೇ?

ಗುಡಿಸಿ ಖಾಲಿ ಇಟ್ಟ ಮನೆಗೆ ಏಳು ದುಷ್ಟಾತ್ಮಗಳು ಬಂದ ಸಾಮತಿಯನ್ನು (ದೃಷ್ಟಾಂತ ಕಥೆಯನ್ನು), ಅಂದರೆ ಮತ್ತಾಯನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯವನ್ನು, ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಯೇಸುಸ್ವಾಮಿ ಅಲ್ಲಿ ಮಾತಾಡುತ್ತಿರುವುದು ತಮ್ಮನ್ನು ತಿರಸ್ಕರಿಸಿದ ಆ ಪೀಳಿಗೆಯ ಬಗ್ಗೆ. ಉಸಿರಾಟದ ಬಗ್ಗೆ ಅಲ್ಲ. ಉಸಿರನ್ನು ಎಣಿಸುವುದರಿಂದ ದೆವ್ವ ಬರುತ್ತದೆಂದು ಹೆದರಿಸುವುದು ವಿಶ್ವಾಸವಲ್ಲ, ಕ್ರಿಸ್ತರ ಬಲದ ಬಗ್ಗೆ ಅವಿಶ್ವಾಸ.

ಉಸಿರು ನಮ್ಮ ಪ್ರಾರ್ಥನೆಗೂ ಹೊಸದಲ್ಲ. ದೇವರು ಮಣ್ಣಿನ ಮನುಷ್ಯನ ಮೂಗಿನಲ್ಲಿ ಜೀವಶ್ವಾಸ ಊದಿದರೆಂದು ಆದಿಕಾಂಡದಲ್ಲಿದೆ. ಪೂರ್ವದ ಆರ್ಥಡಾಕ್ಸ್ ಸಭೆಗಳ ಸನ್ಯಾಸಿಗಳು 'ಪ್ರಭು ಯೇಸು ಕ್ರಿಸ್ತರೇ, ದೇವಕುಮಾರರೇ, ಪಾಪಿಯಾದ ನನ್ನ ಮೇಲೆ ಕರುಣೆಯಿಡಿ' ಎಂಬ ಪ್ರಾರ್ಥನೆಯನ್ನು ಉಸಿರಿನ ಲಯಕ್ಕೆ ಜೋಡಿಸಿ ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ, 'ಸ್ವರ್ಗದಲ್ಲಿರುವ ನಮ್ಮ ತಂದೆಯೇ' ಎಂದು ಶುರುವಾಗುವ, ಪ್ರಭು ಕಲಿಸಿದ ಪ್ರಾರ್ಥನೆಯ ಒಂದೊಂದು ಪದವನ್ನು ಒಂದೊಂದು ಉಸಿರಿಗೆ ಹೇಳುವ ಕ್ರಮವನ್ನು ವಿವರಿಸಿದ್ದಾರೆ. ಎದೆ ಭಾರವಾದ ರಾತ್ರಿಗಳಲ್ಲಿ ನಾನು ಇದನ್ನು ಮಾಡಿದ್ದೇನೆ. ಇಡೀ ಪ್ರಾರ್ಥನೆ ಮುಗಿಯಲು ಐದಾರು ನಿಮಿಷ ಹಿಡಿಯುತ್ತದೆ, 'ನಮ್ಮ' ಎಂಬ ಚಿಕ್ಕ ಪದದ ಮೇಲೂ ಒಂದು ಇಡೀ ಉಸಿರು ನಿಲ್ಲುತ್ತದೆ.

ಆದರೂ ಒಂದು ಎಚ್ಚರಿಕೆ ಬೇಕು. ಕ್ರೈಸ್ತ ಧ್ಯಾನದ ಗುರಿ ಶೂನ್ಯವಲ್ಲ, ಒಬ್ಬರ ಸನ್ನಿಧಿ. ಶಾಂತತೆ ಅಂಗಳ ಗುಡಿಸುವ ಕೆಲಸ. ಗುಡಿಸಿದ್ದು ಅತಿಥಿ ಬರಲೆಂದು. ಕುಂಡಲಿನಿಯನ್ನು ಎಬ್ಬಿಸುವ ಸಾಧನೆಗಳನ್ನೂ ಚಕ್ರಗಳ ಬೀಜಮಂತ್ರ ಧ್ಯಾನಗಳನ್ನೂ ಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅವು ಒಂದು ಪೂರ್ಣ ತತ್ತ್ವದ ಅಂಗಗಳು, ಅರೆಬರೆ ಎತ್ತಿಕೊಳ್ಳುವಂಥವಲ್ಲ.

ನಮಗಿಂತ ಮೊದಲು ಕ್ರೈಸ್ತರು ಯಾರಾದರೂ ಈ ದಾರಿಯಲ್ಲಿ ನಡೆದಿದ್ದಾರೆಯೇ?

ನಡೆದಿದ್ದಾರೆ, ಕೆಲವರು ಬಹಳ ದೂರ ನಡೆದಿದ್ದಾರೆ. ಫ್ರಾನ್ಸಿನ ಇಬ್ಬರು ಕಥೋಲಿಕ ಗುರುಗಳು (ಪಾದ್ರಿಗಳು), ಜೂಲ್ಸ್ ಮೊನ್ಶಾನಿನ್ ಮತ್ತು ಅಭಿಷಿಕ್ತಾನಂದರೆಂದು ಹೆಸರಾದ ಹೆನ್ರಿ ಲೆ ಸೋ, 1950ರಲ್ಲಿ ತಮಿಳುನಾಡಿನ ಕುಳಿತ್ತಲೈ ಬಳಿ, ನಮ್ಮ ಕೊಡಗಿನಿಂದ ಹರಿದುಹೋಗುವ ಅದೇ ಕಾವೇರಿಯ ದಡದಲ್ಲಿ, ಶಾಂತಿವನವೆಂಬ ಆಶ್ರಮ ಕಟ್ಟಿದರು. 1955ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಸನ್ಯಾಸಿ ಬೀಡ್ ಗ್ರಿಫಿತ್ಸ್ ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ; 1968ರಲ್ಲಿ ಶಾಂತಿವನದ ಹೊಣೆ ಹೊತ್ತು 1993ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿದ್ದರು. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವನ್ನು ಕಟ್ಟಿದ ಫಾದರ್ ಅಮಲೋರ್‌ಪವದಾಸ್ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನವನ್ನು ಬೆಳೆಸಿದರು, ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು.

ಇವರ ಪ್ರತಿಯೊಂದು ಹೆಜ್ಜೆಯನ್ನೂ ನಾನು ಒಪ್ಪುತ್ತೇನೆಂದಲ್ಲ. ಅಭಿಷಿಕ್ತಾನಂದರು ಅದ್ವೈತದ ಅನುಭವಕ್ಕೂ ಪಿತ, ಸುತ, ಪವಿತ್ರಾತ್ಮರೆಂಬ ತ್ರಿಯೇಕ ದೇವರ ವಿಶ್ವಾಸಕ್ಕೂ ನಡುವೆ ವರ್ಷಗಟ್ಟಲೆ ತೊಳಲಾಡಿದರು, ಆ ತೊಳಲಾಟ ಅವರಿಗೆ ಸುಲಭವಾಗಿರಲಿಲ್ಲ. ಈ ದಾರಿಯಲ್ಲಿ ಬೆಲೆ ತೆರಬೇಕಾಗುತ್ತದೆಂದು ತೋರಿಸಿಕೊಟ್ಟದ್ದಕ್ಕಾಗಿಯೇ ಅವರನ್ನು ನಾನು ಗೌರವಿಸುತ್ತೇನೆ.

'ಕ್ರೈಸ್ತ ಯೋಗ' ಎಂದು ಹೆಸರಿಟ್ಟು, ಆಸನಗಳ ಹೆಸರು ಬದಲಿಸಿದರೆ ಸಮಸ್ಯೆ ಮುಗಿಯುವುದಿಲ್ಲವೇ?

ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಎಂಬ ಊರಿನ ಶಾಲೆಗಳಲ್ಲಿ ಹೀಗೊಂದು ಪ್ರಯತ್ನ ನಡೆಯಿತು. ಪಟ್ಟಾಭಿ ಜೋಯಿಸರ ಹೆಸರಿನ ಪ್ರತಿಷ್ಠಾನದ ಹಣದಿಂದ ಶುರುವಾದ ಯೋಗ ತರಗತಿಗಳ ವಿರುದ್ಧ ಕ್ರೈಸ್ತ ಪೋಷಕರು ದಾವೆ ಹೂಡಿದರು. ಶಾಲೆಯವರು ಸಂಸ್ಕೃತವನ್ನು ತೆಗೆದು, ಪದ್ಮಾಸನಕ್ಕೂ ಚಿಕ್ಕ ಮಕ್ಕಳ ಆಟದ ಹೆಸರಿಟ್ಟಿದ್ದರು. 2013ರಲ್ಲಿ ವಿಚಾರಣಾ ನ್ಯಾಯಾಲಯವೂ 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತರಗತಿಗಳು ಧರ್ಮಬೋಧನೆಯಲ್ಲವೆಂದು ತೀರ್ಪಿತ್ತವು. ಕಾನೂನಿನ ಮಟ್ಟಿಗೆ ಅದು ಸರಿಯಿರಬಹುದು.

ನನಗೆ ಮಾತ್ರ ಹೆಸರು ಬದಲಿಸುವುದು ಒಪ್ಪಿಗೆಯಿಲ್ಲ. ನೆರೆಮನೆಯಿಂದ ಪಾತ್ರೆ ತಂದು ಅದರ ಮೇಲಿನ ಹೆಸರನ್ನು ಉಜ್ಜಿ ಅಳಿಸಿ ನಮ್ಮ ಹೆಸರು ಕೆತ್ತಿಸುವುದು ಸಭ್ಯತೆಯಲ್ಲ. ಭುಜಂಗಾಸನವನ್ನು ಭುಜಂಗಾಸನವೆಂದೇ ಕರೆಯೋಣ. ಯಾರಿಂದ ಕಲಿತೆವೆಂದು ಹೇಳೋಣ. ಎಲ್ಲಿಯವರೆಗೆ ಜೊತೆಗೆ ಬರುತ್ತೇವೆ, ಎಲ್ಲಿ ನಿಲ್ಲುತ್ತೇವೆ ಎಂಬುದನ್ನೂ ಹೇಳೋಣ.

ಶಾಲೆಯಲ್ಲಿ ಮಗುವಿಗೆ ಮಂತ್ರ ಹೇಳಲು ಒತ್ತಾಯಿಸಿದರೆ?

ಸಂವಿಧಾನದ 28ನೆಯ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೂ ಆರಾಧನೆಗೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಸೇರಿಸುವಂತಿಲ್ಲ. ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ವಿಶ್ವಾಸದ ಕಾರಣಕ್ಕೆ ಹಾಡದೆ ಇದ್ದದ್ದು ಅಪರಾಧವಲ್ಲ ಎಂದಿತು. ನಿಮ್ಮ ಮಗುವಿಗೂ ಅದೇ ಸಾಕು: ಆಸನ ಮಾಡಲಿ, ಮಂತ್ರದ ಹೊತ್ತಿಗೆ ಗೌರವದಿಂದ ಸುಮ್ಮನಿರಲಿ. ದೂರು ಬರೆಯುವ ಮೊದಲು ತರಗತಿಯ ಶಿಕ್ಷಕರನ್ನು ಕಂಡು ಮಾತಾಡಿ, ಹತ್ತಕ್ಕೆ ಒಂಬತ್ತು ಸಲ ಅಲ್ಲಿಗೇ ಮುಗಿಯುತ್ತದೆ.

ಬೆನ್ನುನೋವಿಗೆ ವೈದ್ಯರೇ ಯೋಗ ಹೇಳಿದ್ದಾರೆ. ಮಾಡಲೇ?

ಮಾಡಿ. ದೀರ್ಘಕಾಲದ ಸೊಂಟನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವನ್ನೂ ಅಮೆರಿಕದ ವೈದ್ಯರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಸೇರಿಸಿದೆ. ಅಧಿಕ ರಕ್ತದೊತ್ತಡ, ಗ್ಲಾಕೋಮ (ಕಣ್ಣಿನ ಒಂದು ರೋಗ) ಇರುವವರು ಶೀರ್ಷಾಸನ ಮಾಡಬಾರದು, ಗರ್ಭಿಣಿಯರು ಕಪಾಲಭಾತಿ ಮಾಡಬಾರದು.

ನಮ್ಮ ಪಾಸ್ಟರ್ ಬೇಡವೆಂದಿದ್ದಾರೆ, ಮನೆಯಲ್ಲೂ ಒಪ್ಪುತ್ತಿಲ್ಲ. ಏನು ಮಾಡಲಿ?

ಗುಟ್ಟಾಗಿ ಮಾಡಬೇಡಿ. ಆಸನ ಬಿಟ್ಟರೆ ಆತ್ಮಕ್ಕೆ ನಷ್ಟವಿಲ್ಲ. ಮನಸ್ಸಾಕ್ಷಿ ಅಳುಕುತ್ತಿರುವಾಗ ಮಾಡಿದರೆ ನಷ್ಟವಿದೆ. 'ವಿಶ್ವಾಸದಿಂದ ಹುಟ್ಟದ್ದೆಲ್ಲ ಪಾಪ' ಎಂದು ರೋಮಾಪುರದವರಿಗೆ ಪೌಲರು ಬರೆದದ್ದು ಇಂಥ ಸಂದರ್ಭಕ್ಕೇ. ನೀವು ಏನನ್ನು ಮಾಡುತ್ತೀರಿ, ಏನನ್ನು ಮಾಡುವುದಿಲ್ಲ ಎಂದು ನಿಮ್ಮ ಪಾಸ್ಟರಿಗೆ ಬಿಡಿಸಿ ಹೇಳಿ. ಕೇಳಿದ ಮೇಲೂ ಅವರು ಬೇಡವೆಂದರೆ, ಬೆಳಗಿನ ನಡಿಗೆಯೂ ಒಳ್ಳೆಯ ವ್ಯಾಯಾಮವೇ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಭಾನುವಾರದ ತರಗತಿಗಾಗಿ ಬಲಿಪೂಜೆ ತಪ್ಪತೊಡಗಿದರೆ, ಚಾಪೆ ಬಿಚ್ಚಿದಷ್ಟು ಸಲ ಬೈಬಲ್ ಬಿಚ್ಚುತ್ತಿಲ್ಲವೆಂದು ಕಂಡುಬಂದರೆ, ಯಾರೂ ಹೇಳುವ ಮೊದಲೇ ನೀವೇ ನಿಲ್ಲಿಸಿ ಯೋಚಿಸಬೇಕು.

ತರಗತಿಗೆ ಸೇರುವಾಗ ಯೋಗಶಿಕ್ಷಕರಿಗೆ ಏನು ಹೇಳಬೇಕು?

ಇದ್ದದ್ದನ್ನು ಇದ್ದ ಹಾಗೆ, ಮೊದಲ ದಿನವೇ. ನಾನು ಸೇರಿದಾಗ ನಮ್ಮ ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹಣೆಯಲ್ಲಿ ನಾಮ, ಬೆಳಗಿನ ಐದೂವರೆಗೇ ಸ್ನಾನ ಪೂಜೆ ಮುಗಿಸಿ ಬರುತ್ತಿದ್ದರು. ನನ್ನ ಕೊರಳ ಸರದ ಶಿಲುಬೆ ಅಧೋಮುಖ ಶ್ವಾನಾಸನದಲ್ಲಿ ಜಾರಿ ಗಲ್ಲಕ್ಕೆ ತಾಗುತ್ತಿದ್ದುದನ್ನು ಅವರು ಕಂಡಿದ್ದರು. 'ಮೇಷ್ಟ್ರೇ, ನಾನು ಕ್ರಿಶ್ಚಿಯನ್. ಶ್ಲೋಕ ಹೇಳುವಾಗ ಸುಮ್ಮನೆ ಕೂತಿರುತ್ತೇನೆ. ಅಗೌರವ ಅಂತ ತಿಳಿಯಬೇಡಿ' ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, 'ಕೂತ್ಕೊಳ್ಳಿ, ಪರವಾಗಿಲ್ಲ. ಬೆನ್ನು ಮಾತ್ರ ನೆಟ್ಟಗಿರಲಿ' ಎಂದರು.

ಅಂದಿನಿಂದ ಶ್ಲೋಕದ ಆ ಹೊತ್ತಿನಲ್ಲಿ ನಾನು ಪ್ರಭು ಕಲಿಸಿದ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಹೆಚ್ಚುಕಡಿಮೆ ಎರಡೂ ಒಟ್ಟಿಗೆ ಮುಗಿಯುತ್ತವೆ, ಆಮೇಲೆ ಎಲ್ಲರೂ ಎದ್ದು ತಾಡಾಸನಕ್ಕೆ ನಿಲ್ಲುತ್ತೇವೆ.